ಕುಳ್ಳಯ್ಯನ ಕೈಯೊಳಗಿನ ಕಾಳು

ಹಪ್ಪಳ ಮುರಿದಷ್ಟೇ ಸದ್ದು ಬಂತು ಎಂದು ಕುಳ್ಳಯ್ಯ ಆಮೇಲೆ ಹೇಳಿದ. ಸಾರಜನಕದ ಕೋಣೆಯಲ್ಲಿ ಬಗ್ಗಿ, ಕ್ಯಾನಿನ ಬಾಯೊಳಗಿಂದ ವೀರ್ಯನಳಿಕೆಗಳ ಡಬ್ಬಿಯನ್ನು ಮೇಲೆತ್ತುವಾಗ ಕೊರಳಲ್ಲಿ ನೇತಾಡುತ್ತಿದ್ದ ಅವನ ಕಾರ್ಡು ದ್ರವದಲ್ಲಿ ಅದ್ದಿಹೋಗಿತ್ತು. ಸೊನ್ನೆಗಿಂತ ನೂರ ತೊಂಬತ್ತಾರು ಡಿಗ್ರಿ ಕೆಳಗಿನ ಚಳಿಗೆ ಪ್ಲಾಸ್ಟಿಕ್ಕು ತಡೆಯುವುದಿಲ್ಲ. ಅವನು ನೆಟ್ಟಗೆ ನಿಂತಾಗ ಅದು ಏಪ್ರನ್ನಿನ ಗುಂಡಿಗೆ ತಗುಲಿ ಎರಡು ತುಂಡಾಯಿತು. ಹೊರಗೆ ಬರಬೇಕಾದರೆ ಆ ಕಾರ್ಡನ್ನೇ ಬಾಗಿಲ ಪಕ್ಕದ ರೀಡರಿಗೆ ತೋರಿಸಬೇಕಿತ್ತು. ಹೊರಗೆ ಯಾರೂ ಇರಲಿಲ್ಲ. ಜೊತೆಯ ಆಳು ಹೊನ್ನಪ್ಪ ಆಗಷ್ಟೇ ಬಂದ ಟ್ಯಾಂಕರಿನ ಪೈಪು ಎಳೆಯಲು ಹೋಗಿದ್ದ.

ಹನ್ನೊಂದು ನಿಮಿಷ. ಇದು ನನಗೆ ಗೊತ್ತಾದದ್ದು ಕಂಪ್ಯೂಟರಿನಿಂದ. ಕುಳ್ಳಯ್ಯ ಒಳಹೋದದ್ದು ಹತ್ತು ಗಂಟೆ ಹದಿನಾಲ್ಕು ನಿಮಿಷಕ್ಕೆ. ಹೊನ್ನಪ್ಪನ ಕಾರ್ಡು ಹೊರಗಿನಿಂದ ಬಾಗಿಲು ತೆರೆದದ್ದು ಹತ್ತು ಮೂವತ್ತೊಂದಕ್ಕೆ. ಕೆಲಸಕ್ಕೆ ಆರು ನಿಮಿಷ ಕಳೆದರೆ ಉಳಿದದ್ದು ಅಷ್ಟು. ಅವನು ಬಾಗಿಲಿಗೆ ಒರಗಿ ಕೂತಿದ್ದ. ತುಟಿ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಹೆಸರು ಕೇಳಿದರೆ ತನ್ನ ಅಣ್ಣನ ಹೆಸರು ಹೇಳಿದ.

ನಮ್ಮ ಕೇಂದ್ರ ಪಾಂಡವಪುರದಿಂದ ತೊಣ್ಣೂರಿಗೆ ಹೋಗುವ ದಾರಿಯಲ್ಲಿತ್ತು. ಇಪ್ಪತ್ತೆರಡು ಹೋರಿಗಳು. ಅವುಗಳ ವೀರ್ಯವನ್ನು ಸಣ್ಣ ನಳಿಕೆಗಳಿಗೆ ತುಂಬಿ, ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸಿ, ವಾರಕ್ಕೆರಡು ಸಲ ವ್ಯಾನಿನಲ್ಲಿ ಶ್ರೀರಂಗಪಟ್ಟಣ, ಕೆ.ಆರ್. ಪೇಟೆ, ನಾಗಮಂಗಲದ ಕಡೆಗೆ ಕಳಿಸುತ್ತಿದ್ದೆವು. ಮಂಡ್ಯದಲ್ಲಿ ಬಿ.ಎಸ್ಸಿ. ಮುಗಿಸಿದ್ದ ನಾನು ಸೂಕ್ಷ್ಮದರ್ಶಕದ ಕೆಳಗೆ ವೀರ್ಯ ನೋಡಿ ಇಂತಿಷ್ಟು ಜೀವಂತ, ಇಂತಿಷ್ಟು ಸತ್ತಿವೆ ಎಂದು ಬರೆಯುವವನು. ನನ್ನ ಕೋಣೆಯಿಂದ ಸಾರಜನಕದ ಕೋಣೆಗೆ ಎಂಟು ಹೆಜ್ಜೆ. ಹಿಂದಿನ ವರ್ಷ, ಅಂದರೆ ತೊಂಬತ್ತೆಂಟರಲ್ಲಿ, ವಿದೇಶಿ ಹೋರಿಯೊಂದರ ನಳಿಕೆಗಳು ಕಾಣೆಯಾದ ಮೇಲೆ ಮ್ಯಾನೇಜರ್ ಶಿವಶಂಕರ್ ಆ ಕೋಣೆಗೆ ಕಬ್ಬಿಣದ ಬಾಗಿಲು ಹಾಕಿಸಿ, ಒಳಗೊಂದು ಹೊರಗೊಂದು ರೀಡರ್ ಕೂರಿಸಿದ್ದರು. ಕರೆಂಟು ಹೋದರೆ ಬ್ಯಾಟರಿ ಇತ್ತು. ಒಂದೂ ದಿನ ಕೆಟ್ಟದ್ದಿಲ್ಲ. ಕಾರ್ಡು ತೋರಿಸಿದರೆ ಪುಟ್ಟ 'ಟಿಕ್', ಹಸಿರು ದೀಪ. ಗುರುತಿಲ್ಲದ ಕಾರ್ಡಿಗೆ ಉದ್ದನೆಯ ಗುಂಯ್, ಕೆಂಪು ದೀಪ. ಯಾವ ಕಾರ್ಡು ಯಾವ ಗಳಿಗೆಯಲ್ಲಿ ಹೋಯಿತು, ಬಂತು ಎಂಬುದೆಲ್ಲ ನನ್ನ ಮೇಜಿನ ಮೇಲಿದ್ದ ಕಂಪ್ಯೂಟರಿನಲ್ಲಿ ದಾಖಲಾಗುತ್ತಿತ್ತು. ಹೊಸ ಕಾರ್ಡಿನ ಸಂಖ್ಯೆ ಸೇರಿಸುವುದು, ಹಳೆಯದನ್ನು ಅಳಿಸುವುದು ನನ್ನ ಕೆಲಸ.

ಒಳಗಡೆ ಒತ್ತುವ ಗುಂಡಿ ಇಟ್ಟರೆ ಸಾಕು, ಕಾರ್ಡಿಲ್ಲದೆಯೂ ಹೊರಬರಬಹುದು ಎಂದು ನಾನು ಕೇಳಿದೆ. ಶಿವಶಂಕರ್ ಒಪ್ಪಲಿಲ್ಲ. "ಕದ್ದವನು ಒಳಗಿನವನೇ ಕಣ್ರೀ. ಗುಂಡಿ ಇಟ್ರೆ ಯಾರು ಎಷ್ಟೊತ್ತಿಗೆ ಆಚೆ ಬಂದ್ರು ಅಂತ ಏನ್ ಗುರುತು?" ಅದರ ಬದಲು ಇನ್ನು ಮೇಲೆ ಕುಳ್ಳಯ್ಯ ಒಳಗಿರುವಷ್ಟು ಹೊತ್ತೂ ಹೊನ್ನಪ್ಪ ಹೊರಗೆ ಕಾರ್ಡು ಹಿಡಿದು ನಿಲ್ಲಬೇಕು ಎಂದು ಬರೆದು ಗೋಡೆಗೆ ಅಂಟಿಸಿದರು.

ಕುಳ್ಳಯ್ಯನಿಗೆ ಆ ಕಾಗದದ ಮೇಲೆ ನಂಬಿಕೆ ಇರಲಿಲ್ಲ. ನಲವತ್ತೈದು ದಾಟಿದ, ಗಟ್ಟಿಮುಟ್ಟಾದ ಆಳು, ತೊಣ್ಣೂರಿನವನು. ಹೋರಿ ಹಾಯಲು ಬಂದರೆ ಮೂಗುದಾರ ಹಿಡಿದು ನಿಲ್ಲಿಸುತ್ತಿದ್ದವನು ಈಗ ಕೋಣೆಯ ಮುಂದೆ ಬಂದು ಕೈಗವಸು ಹಾಕಿಕೊಳ್ಳಲು ಕಾಲು ಗಂಟೆ ತೆಗೆದುಕೊಳ್ಳುತ್ತಿದ್ದ. ಒಂದು ಬೆರಳು ತೂರಿಸುವುದು, ತೆಗೆಯುವುದು, ಮತ್ತೆ ತೂರಿಸುವುದು.

"ಕಾರ್ಡನ್ನ ಜೇಬಿಗೆ ಹಾಕಿಕೊಳ್ಳಿ ಕುಳ್ಳಯ್ಯಣ್ಣ," ಎಂದೆ.

"ಜೇಬ್ ಮ್ಯಾಲೆ ಚರ್ಮದ್ ಏಪ್ರನ್ನು, ಏಪ್ರನ್ ಮ್ಯಾಲೆ ದಾರ. ಚಳೀಗೆ ಬೆರಳೇ ಬಗ್ಗಾಕಿಲ್ಲ ಸಾ. ದಾರ ಬಿಚ್ಚೋ ವೊತ್ಗೆ ನಮ್ಮಪ್ಪನ್ತಾವ್ ಓಗಿರ್ತೀನಿ."

ಹೊನ್ನಪ್ಪ ನಕ್ಕ. "ನಾನ್ ಇಲ್ಲೇ ನಿಂತಿರ್ತೀನಲ್ಲ ಕಣಣ್ಣೋ. ನಿಂಗ್ಯಾಕ್ ಭಯ?"

"ಅವತ್ತೂ ಇಲ್ಲೇ ನಿಂತಿದ್ದೆ ಕಣ್ಲಾ ನೀನು. ಯಾರೋ ಕರುದ್ರು, ಒಂಟೋದೆ. ನಾಳೆ ನಿಮ್ಮತ್ತೆ ಬಂದವ್ಳೆ ಅಂದ್ರೆ ಓಯ್ತೀಯ."

"ನಮ್ಮತ್ತೆ ಬಂದ್ರೆ ನಾನೇ ಒಳಿಕ್ಕೋಗಿ ಬಾಗ್ಲಾಕ್ಕತೀನಿ, ಬುಡು."

ಕುಳ್ಳಯ್ಯ ನಗಲಿಲ್ಲ.

ಆ ಕೋಣೆಯ ನಿಜವಾದ ಅಪಾಯ ನನಗೆ ಗೊತ್ತಿತ್ತು. ದ್ರವ ಸಾರಜನಕ ಸದಾ ಆವಿಯಾಗುತ್ತಿರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ಉಸಿರು ಕಟ್ಟುತ್ತಿದೆ ಎಂದು ಅನ್ನಿಸುವುದೂ ಇಲ್ಲ. ತಣ್ಣಗಿರುವುದರಿಂದ ಅದು ನೆಲದಲ್ಲಿ ನೀರಿನ ಹಾಗೆ ನಿಂತು, ಇದ್ದ ಗಾಳಿಯನ್ನು ಮೇಲಕ್ಕೆ ತಳ್ಳುತ್ತದೆ. ನಮ್ಮ ಕೋಣೆ ಕಟ್ಟಿದ ಪಾಲಹಳ್ಳಿಯ ಗಾರೆ ಕೆಲಸದವನು, ಅಡಿಗೆಮನೆಗೆ ಇಟ್ಟ ಹಾಗೆ, ಗಾಳಿಗಿಂಡಿಯನ್ನು ಸೂರಿನ ಹತ್ತಿರ ಇಟ್ಟಿದ್ದ. ಹೊಗೆಯಾದರೆ ಅದರಲ್ಲಿ ಹೋಗುತ್ತಿತ್ತು. ಇದು ಹೋಗುತ್ತಿರಲಿಲ್ಲ. ಇಷ್ಟೆಲ್ಲ ಗೊತ್ತಿದ್ದೂ ನಾನು ಆಗ ಯೋಚಿಸಿದ್ದು ಬಾಗಿಲಿನ ಬಗ್ಗೆ ಮಾತ್ರ. ಬಾಗಿಲು ತೆರೆಯದಿದ್ದುದರಿಂದ ಕುಳ್ಳಯ್ಯ ಸಾಯುತ್ತಿದ್ದ. ಆದ್ದರಿಂದ ಬಾಗಿಲು ತೆರೆಯಬೇಕು. ಲೆಕ್ಕ ಅಷ್ಟು ಸರಳವಾಗಿ ಕಂಡಿತು.

ಹಾಗಿರುವಾಗ ಒಂದು ಬೆಳಿಗ್ಗೆ ಕಾಂಪೌಂಡರ್ ಚಿಕ್ಕಸ್ವಾಮಿ ತಟ್ಟೆ ಹಿಡಿದು ಆ ಬಾಗಿಲಿಗೆ ಒರಗಿ ಮಾತಾಡುತ್ತಾ ನಿಂತಿದ್ದ. ಸರ್ಕಾರಿ ದನದ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತನಾಗಿ ನಮ್ಮಲ್ಲಿಗೆ ಬಂದವನು. ತಟ್ಟೆಯಲ್ಲಿ ಹೊಸ ಹೋರಿಗಳಿಗೆ ಹಾಕಬೇಕಾದ ಗುರುತಿನ ಚಿಪ್‌ಗಳಿದ್ದವು: ಭತ್ತದ ಕಾಳಿಗಿಂತ ತುಸು ಉದ್ದದ ಗಾಜಿನ ಕೊಳವೆ, ಒಳಗೆ ಕೂದಲಿನಂಥ ತಂತಿಯ ಸುರುಳಿ. ದಪ್ಪ ಸೂಜಿಯಿಂದ ಕಿವಿಯ ಹಿಂದೆ ಚರ್ಮದಡಿಗೆ ಇಳಿಸುತ್ತಿದ್ದರು. ಅದಕ್ಕೆ ಬ್ಯಾಟರಿ ಬೇಡ. ಓದುವ ಯಂತ್ರ ಹತ್ತಿರ ಬಂದರೆ ತನ್ನ ಸಂಖ್ಯೆ ಹೇಳುತ್ತದೆ. ಚಿಕ್ಕಸ್ವಾಮಿ ಕೈ ಆಡಿಸಿದಾಗ ತಟ್ಟೆ ರೀಡರಿನ ಹತ್ತಿರ ಹೋಯಿತು. ಗುಂಯ್ ಎಂದು ಕೆಂಪು ದೀಪ ಹತ್ತಿತು.

ಗುಂಯ್ ಎಂದರೆ ಗುರುತಿಲ್ಲದ ಸಂಖ್ಯೆ. ಆದರೆ ಗುರುತಿಲ್ಲ ಎನ್ನಬೇಕಾದರೂ ಮೊದಲು ಓದಬೇಕಲ್ಲ! ನಾನು ಎದ್ದು ಬಂದೆ. ಕೈಗವಸು ಹಾಕುತ್ತಾ ನಿಂತಿದ್ದ ಕುಳ್ಳಯ್ಯ ನನ್ನ ಮುಖವನ್ನೇ ನೋಡಿದ.

ಅದೇ ದಿನ ಸಂಜೆ ಬಸ್‌ಸ್ಟಾಪಿನಲ್ಲಿ ನನ್ನನ್ನು ಹಿಡಿದ.

"ಸಾ, ಆ ಕಾಳ್ನ ನನ್ ಕೈಗ್ ಆಕ್ಬುಟ್ರೆ?"

"ಅದು ದನದ್ದು ಕುಳ್ಳಯ್ಯಣ್ಣ."

"ನಂಗೇನ್ ಕೊಂಬಿಲ್ಲ ಅಂತ ಬಾಗ್ಲು ಬ್ಯಾಡ ಅಂತದಾ? ಕೈಯೊಳ್ಗೇ ಇದ್ರೆ ಮುರಿಯಾಕಿಲ್ಲ, ಬೀಳಾಕಿಲ್ಲ, ಮರ್ತ್ ಬತ್ತೀನಿ ಅನ್ನಂಗಿಲ್ಲ." ದನಿ ತಗ್ಗಿಸಿದ. "ಕೆಲ್ಸ ಬುಡಾಕ್ ಆಗಾಕಿಲ್ಲ ಸಾ. ಒಳೀಕ್ ಓಗಾಕೂ ಆಯ್ತಿಲ್ಲ. ರಾತ್ರಿ ಬಾಯ್ ಮುಚ್ಕಂಡ್ ಮಲಗುದ್ರೆ ಉಸ್ರು ಕಟ್ದಂಗಾಗಿ ಎದ್ ಕೂತ್ಕತೀನಿ. ನೀವ್ ಓದ್ದೋರು. ಯಾವ್ದು ಅಂತ ಏಳಿ, ಆಕುಸ್ಕತೀನಿ. ನಿಮ್ ಮ್ಯಾಲೆ ನಂಬ್ಕೆ ಐತೆ."

ಕೊನೆಯ ಮಾತು ಹೇಳದೆ ಇದ್ದಿದ್ದರೆ ಚೆನ್ನಾಗಿತ್ತು. ಬಸ್ಸು ಬಂದು ಹೋದರೂ ನಾನು ಹತ್ತಲಿಲ್ಲ.

ಯಾವುದು ಎಂಬುದನ್ನು ನಾನು ಹದಿನೆಂಟು ದಿನ ನೋಡಿದೆ. ಉಗ್ರಾಣದಲ್ಲಿ ಮೂರು ಬಗೆ ಇದ್ದವು. ಹೊಸದಾಗಿ ಬಂದವು ಎಲ್ಲ ದೇಶಗಳೂ ಒಪ್ಪಿದ ಹೊಸ ಅಳತೆಯವು. ಅವುಗಳ ಕಂಪನಾಂಕ ಬೇರೆ. ನಮ್ಮ ಬಾಗಿಲು ಅವುಗಳ ಮುಂದೆ ಕಲ್ಲಿನಂತೆ ಸುಮ್ಮನಿತ್ತು, ಗುಂಯ್ ಎಂದು ಕೂಡ ಹೇಳಲಿಲ್ಲ. ಅವನ್ನು ಮೊದಲೇ ಬಿಟ್ಟೆ. ಹಳೆಯ ಕಂತಿನಲ್ಲಿ ದೊಡ್ಡವು, ಚಿಕ್ಕವು ಎರಡಿದ್ದವು. ಎರಡಕ್ಕೂ ಬಾಗಿಲಿನ ಕಂಪನಾಂಕವೇ. ದೊಡ್ಡದನ್ನು ನಾಲ್ಕು ಬೆರಳು ದೂರದಿಂದ ಓದುತ್ತಿತ್ತು, ಆದರೆ ಅದು ಅರ್ಧ ಬೀಡಿಯಷ್ಟು ಉದ್ದ. ದಿನಕ್ಕೆ ಇಪ್ಪತ್ತು ಸಲ ಕ್ಯಾನಿನ ಹಿಡಿ ಬಿಗಿಯುವ ಅಂಗೈಯಲ್ಲಿ ಗಾಜು ಒಡೆದರೆ? ಚಿಕ್ಕದು ಬಲವಾಗಿತ್ತು. ಕಾಗದದಲ್ಲಿ ಸುತ್ತಿ ಅದರ ಮೇಲೆ ಇಡೀ ಭಾರ ಹಾಕಿ ನಿಂತೆ, ಒಡೆಯಲಿಲ್ಲ. ಆದರೆ ರೀಡರಿಗೆ ಮುಟ್ಟಿಸಿದಂತೆಯೇ ಹಿಡಿಯಬೇಕು. ಮೇಲಾಗಿ ಅದರ ಪೊಟ್ಟಣದ ಮೇಲಿದ್ದ ಗಡುವು ನವೆಂಬರಿಗೇ ಮುಗಿದಿತ್ತು. ಗಡುವು ಚಿಪ್ಪಿಗಲ್ಲ, ಪೊಟ್ಟಣದ ಶುದ್ಧಿಗೆ ಎಂದು ನನಗೆ ನಾನೇ ಹೇಳಿಕೊಂಡೆ. ಹೇಳಿಕೊಂಡ ಮೇಲೂ ಆ ದಿನಾಂಕ ಕಣ್ಣ ಮುಂದೆ ಬರುತ್ತಿತ್ತು.

ಭಾನುವಾರ ಚರ್ಮ ಸುಲಿಯದ ಕೋಳಿಯ ತೊಡೆ ತಂದು, ಚಿಕ್ಕ ಚಿಪ್ಪನ್ನು ಚರ್ಮದಡಿ ತೂರಿಸಿ, ರೀಡರಿನ ಮುಂದೆ ಕೂತೆ. ಅದರ ನಡುಭಾಗಕ್ಕೆ ಅಂಗಾತ ಒತ್ತಿದರೆ ನೂರು ಸಲಕ್ಕೆ ಮೂವತ್ತೊಂದು ಸಲ ಮಾತ್ರ ಓದಿತು. ಓರೆಯಾಗಿ ಹಿಡಿದರೆ ಎಪ್ಪತ್ತು. ಕೆಳಗಿನ ಅಂಚಿಗೆ, ಚಿಪ್ಪಿನ ತುದಿ ಒಳಮುಖವಾಗುವಂತೆ ಒತ್ತಿದಾಗ ನೂರಕ್ಕೆ ನೂರು. ಮಾಂಸ ಒದ್ದೆ ಮಾಡಿ ನೋಡಿದೆ. ಮಂಜುಗಡ್ಡೆಯಲ್ಲಿಟ್ಟು ನೋಡಿದೆ. ಕೈಗವಸಿನೊಳಗಿಟ್ಟರೆ ಓದಲಿಲ್ಲ, ಆದರೆ ನಮ್ಮ ಕೈಗವಸು ಸಡಿಲ, ಜಾಡಿಸಿದರೆ ಎರಡು ಸೆಕೆಂಡಿಗೆ ಬೀಳುತ್ತದೆ. ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದೆ. ಬರೆದ ಒಂದೊಂದು ಅಂಕಿಯೂ ನಿಜ.

ಕುಳ್ಳಯ್ಯನ ಹೆಂಡತಿ ದ್ಯಾವಮ್ಮ ಒಂದು ಮಧ್ಯಾಹ್ನ ಬುತ್ತಿ ಕೊಡಲು ಬಂದವಳು ಗೇಟಿನ ಹತ್ತಿರ ನನ್ನನ್ನು ನಿಲ್ಲಿಸಿದಳು. ಮುಂಗೈ ತುಂಬ ಹಸಿರು ಹಚ್ಚೆ.

"ನಮ್ಮವ್ವ ನಂಗೆ ಅಚ್ಚೆ ಉಯ್ಸುವಾಗ ಏಳಿದ್ಳು, ಇದು ಸತ್ ಮ್ಯಾಲೂ ಜೊತೇಲ್ ಬತ್ತದೆ ಅಂತ. ನೀವ್ ಆಕೋದು ಎಲ್ಲೀಗಂಟ ಬತ್ತದೆ?"

"ಕೆಲಸ ಇರೋ ತನಕ ಅಷ್ಟೆ ದ್ಯಾವಮ್ಮ. ಬೇಡ ಅಂದ್ರೆ ತೆಗೆಸಬಹುದು."

"ಅಂಗಾ. ನಿಮ್ ಕೈಗೆ ಆಕುಸ್ಕಂಡ್ ನೋಡಿದ್ರಾ?"

ನಾನು ಕೋಳಿಯ ತೊಡೆಯ ವಿಷಯ ಹೇಳಹೊರಟು ಸುಮ್ಮನಾದೆ. ಅವಳು ಬುತ್ತಿಯ ಬಟ್ಟೆ ಮಡಚುತ್ತಾ, "ನೀವ್ ಒಳೀಕ್ ಓಗೋರಲ್ಲ, ಬುಡಿ. ನಿಮಗ್ಯಾಕೆ," ಎಂದು ಹೊರಟಳು.

ಚಿಪ್ ಹಾಕಿದ್ದು ಜುಲೈ ಮೊದಲ ವಾರ, ಹೋರಿ ಕಟ್ಟುವ ಕೊಟ್ಟಿಗೆಯ ಪಕ್ಕದ ಔಷಧದ ಕೋಣೆಯಲ್ಲಿ. ಯಾರನ್ನೂ ಕೇಳಲಿಲ್ಲ. ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳ ನಡುವಿನ ಮೆತ್ತನೆಯ ಜಾಗ ಎಂದು ನಾನೇ ಪೆನ್ನಿನಲ್ಲಿ ಗುರುತು ಮಾಡಿದೆ. ಚಿಪ್ಪನ್ನು ಹಿಂದಿನ ದಿನದಿಂದ ಸ್ಪಿರಿಟ್ಟಿನಲ್ಲಿ ಮುಳುಗಿಸಿಟ್ಟಿದ್ದೆ. ಚಿಕ್ಕಸ್ವಾಮಿ ಎತ್ತಿಕೊಂಡ ಸೂಜಿಯನ್ನು ಮತ್ತೆ ಕೆಳಗಿಟ್ಟ.

"ಎಷ್ಟ್ ಸಾವ್ರ ದನಕ್ ಚುಚ್ಚಿವ್ನೋ ಲೆಕ್ಕಿಲ್ಲ. ಒಂದೂ ನನ್ ಮಖ ನೋಡ್ಕಂಡ್ ಕೂತಿರ್ಲಿಲ್ಲ. ಆ ಕಡೀಕ್ ತಿರುಗ್ಲಾ."

"ನೀನ್ ಚುಚ್ಚು ಮಾರಾಯ. ಹಾಯಾಕಿಲ್ಲ," ಎಂದ ಕುಳ್ಳಯ್ಯ.

ಸೂಜಿ ಬಾಲ್‌ಪೆನ್ನಿನ ಕಡ್ಡಿಯಷ್ಟು ದಪ್ಪ. ಕುಳ್ಳಯ್ಯ ಕೂಗಲಿಲ್ಲ, ಹಲ್ಲು ಕಚ್ಚಿದ ಸದ್ದು ಮಾತ್ರ ಕೇಳಿಸಿತು. ರಕ್ತ ಒರೆಸಿ ಹತ್ತಿ ಒತ್ತಿದೆವು. ಮೂರು ದಿನ ಊದಿಕೊಂಡಿತ್ತು. ಆ ಮೂರು ದಿನ ನಾನು ಬೆಳಿಗ್ಗೆ ಅವನಿಗಿಂತ ಮೊದಲು ಗೇಟಿಗೆ ಬಂದು ನಿಂತು, ಅವನ ಕೈ ಹಿಡಿದು ಬಿಸಿ ಇದೆಯೇ, ಕೆಂಪು ಗೆರೆ ಮೇಲೇರಿದೆಯೇ ಎಂದು ನೋಡುತ್ತಿದ್ದೆ. ನಾಲ್ಕನೆಯ ದಿನ ಊತ ಇಳಿಯಿತು. ಸಂಖ್ಯೆಯನ್ನು ಕಂಪ್ಯೂಟರಿಗೆ ಸೇರಿಸಿ, ರೀಡರಿನ ಕೆಳಗಿನ ಅಂಚಿಗೆ ಬಿಳಿ ಪಟ್ಟಿ ಅಂಟಿಸಿ, ಅವನ ಕೈಯನ್ನು ಅಲ್ಲಿಗೆ ಒತ್ತಿಸಿದೆ.

ಟಿಕ್. ಹಸಿರು.

ಕುಳ್ಳಯ್ಯ ಮತ್ತೆ ಒತ್ತಿದ. ಟಿಕ್. ಮತ್ತೆ. ಅವನ ಮುಖದಲ್ಲಿ ಎರಡು ತಿಂಗಳಿನಿಂದ ಇದ್ದದ್ದೇನೋ ಕರಗಿಹೋಯಿತು. "ಏ ಹೊನ್ನ, ನೋಡ್ ಬಾರ್ಲಾ ಇಲ್ಲಿ!" ಎಂದು ಕೂಗಿದ. ಆ ವಾರವಿಡೀ ನೂರು ಸಲ ಅವನು ಬಾಗಿಲು ತೆರೆದದ್ದನ್ನು ನಾನು ದಾಖಲೆಯಲ್ಲಿ ಎಣಿಸಿದೆ. ಒಂದೂ ಸಲ ತಪ್ಪಲಿಲ್ಲ. ನಾನೂ ನೆಮ್ಮದಿಯಾಗಿ ಮಲಗಿದೆ.

ಹತ್ತು ದಿನದ ಮೇಲೆ ಶಿವಶಂಕರ್ ದಾಖಲೆ ನೋಡುತ್ತಾ ಕುಳ್ಳಯ್ಯನ ಹೆಸರಿಗೆ ಎರಡು ಸಂಖ್ಯೆ ಇರುವುದನ್ನು ಕಂಡು ನನ್ನನ್ನು ಕರೆದರು. ಬೈಗುಳಕ್ಕೆ ಸಿದ್ಧನಾಗಿ ಹೋಗಿ ಎಲ್ಲ ಹೇಳಿದೆ. ಅವರು ಕುಳ್ಳಯ್ಯನ ಕೈ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಒಳಗಿನ ಗಂಟನ್ನು ಹೆಬ್ಬೆರಳಿನಿಂದ ಒತ್ತಿದರು.

"ಭಲೇ. ನನಗೇ ಹೊಳೀಲಿಲ್ಲವಲ್ರೀ. ಇನ್ನು ಆಚೆ ಕಡೆ ಒಬ್ಬನ್ನ ಸುಮ್ನೆ ನಿಲ್ಲಿಸೋದು ಯಾಕೆ?"

ಮಾರನೆಯ ದಿನದಿಂದ ಹೊನ್ನಪ್ಪನನ್ನು ಮೇವು ಕತ್ತರಿಸುವ ಕಡೆಗೆ ಹಾಕಿದರು. ಗೋಡೆಯ ಕಾಗದ ಕಿತ್ತುಹಾಕಿದರು. ಕುಳ್ಳಯ್ಯ ಬೇಡ ಎನ್ನಲಿಲ್ಲ. "ಓಗ್ಲಿ ಬುಡಿ ಸಾ, ಅವ್ನು ನಿಂತ್ರೂ ಒಂದೇ, ಬುಟ್ರೂ ಒಂದೇ," ಎಂದ.

ಮೇಜಿನ ಮುಂದೆ ಕೂತು, ಕುಳ್ಳಯ್ಯನ ಹಿಂದೆ ಬಾಗಿಲು ಮುಚ್ಚಿಕೊಂಡದ್ದನ್ನು ಕೇಳಿದಾಗ ನನಗೆ ಅರಿವಾಯಿತು. ಕೈಯಿಂದ ಬಾಗಿಲು ತೆರೆಯಬೇಕಾದರೆ ಎಚ್ಚರ ಇರಬೇಕು. ಸಾರಜನಕ ಮೊದಲು ಕಸಿದುಕೊಳ್ಳುವುದು ಎಚ್ಚರವನ್ನೇ. ಅವತ್ತು ಕುಳ್ಳಯ್ಯ ಬದುಕಿದ್ದು ಹೊರಗಿನಿಂದ ಒಬ್ಬ ಬಂದು ತೆರೆದದ್ದರಿಂದ. ಆ ಒಬ್ಬನನ್ನು ನನ್ನ ಚಿಪ್ಪು ಓಡಿಸಿತ್ತು.

ಶಿವಶಂಕರ್ ಹತ್ತಿರ ಹೋದೆ. "ಅವನಿಗೇ ಭಯವಿಲ್ಲ, ನಿಮಗ್ಯಾಕ್ರೀ?" ಎಂದರು. ಹಾಗಾದರೆ ಕುಳ್ಳಯ್ಯನಿಗೇ ತೋರಿಸಬೇಕು ಎಂದುಕೊಂಡೆ. ಅವನ ಊರಿನಲ್ಲಿ ಹಾಳುಬಾವಿಗೆ ಇಳಿಯುವ ಮುಂಚೆ ಹಗ್ಗಕ್ಕೆ ದೀಪ ಕಟ್ಟಿ ಬಿಡುತ್ತಾರೆ. ಟ್ಯಾಂಕರ್ ಬಂದು ಕ್ಯಾನುಗಳನ್ನೆಲ್ಲ ತುಂಬಿಸಿದ ಗುರುವಾರ, ಬಾಗಿಲಿಗೆ ಕಾಲು ಅಡ್ಡಕೊಟ್ಟು ನಿಂತು, ಎಣ್ಣೆಯ ಹಣತೆಗೆ ಮೂರು ಕಡೆ ದಾರ ಬಿಗಿದು ಒಳಗೆ ಹಿಡಿದೆ. ಕುಳ್ಳಯ್ಯ ಪಕ್ಕದಲ್ಲಿದ್ದ. ಎದೆಯ ಮಟ್ಟದಲ್ಲಿ ಕುಡಿ ನೆಟ್ಟಗೆ ಉರಿಯಿತು. ಸೊಂಟದ ಹತ್ತಿರ ಕುಗ್ಗಿತು. ಮೊಣಕಾಲಿಗಿಂತ ತುಸು ಕೆಳಗಿಳಿಸಿದಾಗ, ಗಾಳಿಯೂ ಇಲ್ಲದೆ, ಯಾರೋ ಬೆರಳಿಂದ ಹಿಸುಕಿದ ಹಾಗೆ ಆರಿತು.

"ಕ್ಯಾನಿಗೆ ಬಗ್ಗಿದಾಗ ನಿಮ್ಮ ಮೂಗು ಎಲ್ಲಿರುತ್ತೆ ಕುಳ್ಳಯ್ಯಣ್ಣ?"

ಮೇಲೆತ್ತಿದ ಹಣತೆಯ ಆರಿದ ಬತ್ತಿಯನ್ನು ಅವನು ಬೆರಳಲ್ಲಿ ಮುಟ್ಟಿ ನೋಡಿದ. ಇನ್ನೇನು ಅರ್ಥವಾಯಿತು ಎಂದುಕೊಂಡೆ. ಅವನು ಕೈ ಎತ್ತಿ ಗಂಟಿದ್ದ ಜಾಗವನ್ನು ತಟ್ಟಿದ.

"ವಸಿ ತಲೆ ತಿರುಗ್ದಂಗಾದ್ರೆ ಬಂದ್ಬುಡ್ತೀನಿ ಸಾ. ಬಾಗ್ಲು ನನ್ ಕೈಯಲ್ಲೇ ಐತಲ್ಲ."

"ತಲೆ ತಿರುಗೋದು ಗೊತ್ತಾಗಲ್ಲ."

"ಆ ಹನ್ನೊಂದ್ ನಿಮ್ಸ ಗೊತ್ತಾಗ್ತಿತ್ತು ಸಾ ನಂಗೆ. ನೀವ್ ಸುಮ್ಕೆ ಎದುರ್ಕತೀರಿ." ನಗುತ್ತಾ ಹಣತೆ ಈಸಿಕೊಂಡ. "ನೀವೇ ನೂರ್ ಸಲ ನೋಡಿ ಆಕ್ಸಿದ್ದು. ಈಗ ನೀವೇ ಇಂಗಂದ್ರೆ?"

ಅವತ್ತು ಅವನು ಬಾಗಿಲ ಹತ್ತಿರ ಕೂತಿದ್ದನೇ ಹೊರತು ಕ್ಯಾನಿನ ಬಾಯಿಗೆ ಬಗ್ಗಿರಲಿಲ್ಲ. ಕ್ಯಾನುಗಳೂ ಅರ್ಧ ಖಾಲಿಯಿದ್ದವು. ಅದೃಷ್ಟವನ್ನು ಅವನು ಅನುಭವ ಎಂದು ತಿಳಿದಿದ್ದ. ನಂತರದ ಒಂದು ವಾರ ಅವನು ಒಳಹೋದಾಗಲೆಲ್ಲ ನಾನು ಎದ್ದು ಬಾಗಿಲ ಹೊರಗೆ ನಿಂತೆ. ಆದರೆ ನನಗೆ ರಜ ಇರುವ ದಿನ ಬರುತ್ತದೆ. ಸೂಕ್ಷ್ಮದರ್ಶಕದಿಂದ ಕಣ್ಣೆತ್ತದ ಅರ್ಧ ಗಂಟೆ ಬರುತ್ತದೆ. ಬುಧವಾರ ಹಾಗೇ ಆಯಿತು: ತಲೆ ಎತ್ತಿ ದಾಖಲೆ ನೋಡಿದರೆ ಅವನು ಒಳಹೋಗಿ ಹದಿನಾಲ್ಕು ನಿಮಿಷವಾಗಿತ್ತು. ಓಡಿಹೋಗಿ ತೆರೆದೆ. ಕುಳ್ಳಯ್ಯ ಗೋಡೆ ಹಿಡಿದು, ಎಣಿಸಿದ ಡಬ್ಬಿಗಳನ್ನೇ ಮತ್ತೆ ಎಣಿಸುತ್ತಾ ನಿಂತಿದ್ದ. ಕಣ್ಣುಗಳಲ್ಲಿ ಕುಡಿದವನ ಖುಷಿ. "ಏನ್ ಸಾ ಬಂದ್ರಿ?" ಎಂದು ನಕ್ಕ.

ಆ ನಗುವನ್ನು ನೋಡಿದ ಮೇಲೆ ನಾನು ನಿರ್ಧರಿಸಿದೆ.

ಶುಕ್ರವಾರ ಬೆಳಿಗ್ಗೆ ಬೇಗ ಬಂದು ಆ ಬಾಗಿಲನ್ನು ಒಂದು ಗಂಟೆ ತೆರೆದಿಟ್ಟು, ಮೇಜಿನ ಫ್ಯಾನನ್ನು ನೆಲಕ್ಕಿಟ್ಟು ಒಳಗಿನ ಗಾಳಿಯನ್ನೆಲ್ಲ ಹೊರಗೆ ಎಳೆಸಿದೆ. ಹಣತೆ ನೆಲದ ಮೇಲೂ ಉರಿಯಿತು. ಹತ್ತು ಗಂಟೆಗೆ ಕುಳ್ಳಯ್ಯ ಬಂದ. ಕೈ ಒತ್ತಿದ, ಟಿಕ್, ಒಳಹೋದ. ಬಾಗಿಲು ಮುಚ್ಚಿತು. ನಾನು ಕಂಪ್ಯೂಟರಿನಲ್ಲಿ ಅವನ ಕೈಯ ಸಂಖ್ಯೆಯನ್ನು ಅಳಿಸಿದೆ. ಚಿಪ್ ಹಾಕಿಸಿಕೊಂಡ ಮೇಲೆ ಅವನು ಹಿಂತಿರುಗಿಸಿದ್ದ ಹೊಸ ಕಾರ್ಡು ನನ್ನ ಮೇಜಿನ ಡ್ರಾಯರಿನಲ್ಲಿತ್ತು. ಎಂಟು ಹೆಜ್ಜೆ ನಡೆದು, ನನ್ನ ಕಾರ್ಡು ಹಿಡಿದು ಬಾಗಿಲ ಮುಂದೆ ನಿಂತೆ.

ಒಳಗೆ ಕ್ಯಾನಿನ ಮುಚ್ಚಳದ ಸದ್ದು. ಡಬ್ಬಿ ತಗುಲಿದ ಸದ್ದು. ಅವನು ಏನೋ ಗುನುಗುತ್ತಿದ್ದ. ನಾಲ್ಕು ನಿಮಿಷ ಕಳೆದ ಮೇಲೆ ಕೈಗವಸು ಜಾಡಿಸಿ ಬಿಸಾಡಿದ್ದು ಕೇಳಿಸಿತು.

ಗುಂಯ್.

ಸ್ವಲ್ಪ ಬಿಟ್ಟು, ಗುಂಯ್. ಆಮೇಲೆ ಬಿಡುವಿಲ್ಲದೆ, ಒಂದರ ಮೇಲೊಂದು. ಹದಿನೈದು ಸೆಕೆಂಡು ಬಿಡಬೇಕೆಂದು ಲೆಕ್ಕ ಹಾಕಿಕೊಂಡು ಬಂದಿದ್ದೆ. ಅವನು ಅಂಗೈಯಿಂದ ಬಾಗಿಲು ಬಡಿದ. "ಸಾ!" ಎಂದ. ನಾನು ಒಂಬತ್ತು ಎಣಿಸಿದ್ದೆ. "ಸಾ, ತಗೀತಿಲ್ಲ! ಸಾ!" ಆಮೇಲೆ ಬಡಿತ ನಿಂತಿತು. ಏನೂ ಕೇಳಿಸಲಿಲ್ಲ. ಗಾಳಿ ಚೆನ್ನಾಗಿದೆ, ನಾನೇ ನೋಡಿದ್ದೇನೆ, ಹಣತೆ ಉರಿದಿದೆ ಎಂದು ನನ್ನ ತಲೆ ಹೇಳುತ್ತಿತ್ತು. ಕೈ ಅದನ್ನು ಕೇಳಲಿಲ್ಲ. ಕಾರ್ಡನ್ನು ರೀಡರಿಗೆ ಅಪ್ಪಳಿಸಿದೆ.

ಬಾಗಿಲು ತೆರೆದಾಗ ಕುಳ್ಳಯ್ಯ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು, ಉಸಿರನ್ನು ಉಳಿಸಿಕೊಳ್ಳುವವನ ಹಾಗೆ ನಿಂತಿದ್ದ. ನನ್ನನ್ನು ತಳ್ಳಿಕೊಂಡು ಹೊರಬಂದು ಅಂಗಳದವರೆಗೂ ಹೋಗಿ ಕುಕ್ಕುರುಗಾಲಲ್ಲಿ ಕೂತ. ನೀರು ಕೊಟ್ಟರೆ ಕುಡಿಯಲಿಲ್ಲ. ಬಲಗೈಯನ್ನು ತನ್ನದಲ್ಲವೆಂಬಂತೆ ಮೊಣಕಾಲಿನ ಮೇಲೆ ದೂರ ಇಟ್ಟುಕೊಂಡಿದ್ದ.

"ಎಷ್ಟ್ ಸಲ ನೋಡಿದ್ರಿ ಸಾ ನೀವು?"

"ನೂರು ಸಲ."

"ನೂರ್ ಸಲಾನೂ ತಗೀತು."

"ಹೂಂ."

"ಮತ್ತೆ ಇವತ್ತು?"

"ಇಂಥ ವಸ್ತು ಹಾಗೇ ಕುಳ್ಳಯ್ಯಣ್ಣ. ಯಾವಾಗ ಕೈ ಕೊಡುತ್ತೆ ಹೇಳಕ್ಕಾಗಲ್ಲ."

ಅವನು ತಲೆ ಎತ್ತಿ ನನ್ನನ್ನು ನೋಡಿದ. ಗೊತ್ತಾಯಿತೇ ಎಂದುಕೊಂಡೆ. ಗೊತ್ತಾಗಲಿಲ್ಲ. ಅವನು ನೋಡುತ್ತಿದ್ದದ್ದು ತಾನು ನಂಬಿದ್ದ, ಓದಿದ ಒಬ್ಬ ಮನುಷ್ಯನನ್ನು. "ನಂಬಿ ಕೆಟ್ಟೆ ಕಣಪ್ಪ," ಎಂದ. ಅಲ್ಲಿಯವರೆಗೆ ಅವನು ನನ್ನನ್ನು ಕಣಪ್ಪ ಎಂದಿರಲಿಲ್ಲ.

ಅವತ್ತೇ ಮ್ಯಾನೇಜರ ಮುಂದೆ ಹೋಗಿ, ಆಚೆ ಒಬ್ಬ ಆಳಿಲ್ಲದೆ ಇನ್ನು ಒಳಗೆ ಕಾಲಿಡುವುದಿಲ್ಲ, ಬೇಕಾದರೆ ಮನೆಗೆ ಕಳಿಸಿ ಎಂದ. ಶಿವಶಂಕರ್ ನನ್ನನ್ನು ಲಿಖಿತ ವರದಿ ಕೇಳಿದರು. ನೋಟ್‌ಬುಕ್ಕಿನ ಹೊಸ ಪುಟದಲ್ಲಿ 'ನೂರು ಪ್ರಯತ್ನ, ಒಂಬತ್ತು ವಿಫಲ. ನೆಚ್ಚತಕ್ಕದ್ದಲ್ಲ' ಎಂದು ಬರೆದು ಸಹಿ ಹಾಕಿದೆ. ಹಿಂದಿನ ಪುಟಗಳಲ್ಲಿದ್ದ ನಿಜವಾದ ಅಂಕಿಗಳನ್ನು ಹರಿದು ಬಚ್ಚಲ ಒಲೆಗೆ ಹಾಕಿದೆ. ಅಳಿಸಿದ ಸಂಖ್ಯೆಯ ಗುರುತು ಯಂತ್ರದ ಹೊಟ್ಟೆಯಲ್ಲೆಲ್ಲೋ ಉಳಿದಿದೆಯೇ ಎಂದು 'ಮ್ಯಾನುಯಲ್' ಪೂರ್ತಿ ಓದಿದೆ. ಉಳಿದಿರುತ್ತದೆ ಎಂದು ಅದರಲ್ಲಿತ್ತು. ಶಿವಶಂಕರ್ ನನ್ನ ಮೇಜಿನ ಹತ್ತಿರ ಬಂದಾಗಲೆಲ್ಲ ಕಂಪ್ಯೂಟರಿನ ಪರದೆ ಆರಿಸುತ್ತಿದ್ದೆ.

ಕುಳ್ಳಯ್ಯ ಚಿಕ್ಕಸ್ವಾಮಿಯ ಮುಂದೆ ಕೈ ಚಾಚಿ, ಅದನ್ನು ತೆಗೆದುಬಿಡು ಎಂದು ಕೂತ. ಚಿಕ್ಕಸ್ವಾಮಿ ಒತ್ತಿ, ಅದುಮಿ ನೋಡಿದ. "ಮಾಂಸ ಕಚ್ಕಬುಟ್ಟೈತೆ ಕಣ್ಲಾ. ಸರಿದಾಡಬಾರ್ದು ಅಂತ ಅದ್ರ ಮೈಗೆ ಏನೋ ಸವರಿರ್ತಾರೆ. ಕುಯ್ದ್ರೆ ಬೆರಳಿನ ನರಕ್ಕೇ ಬತ್ತದೆ. ನನ್ ಕೈಲಾಗಾಕಿಲ್ಲ." ಪೊಟ್ಟಣದ ಮೇಲೆ ಅದನ್ನೂ ಬರೆದಿತ್ತು. ನಾನು ಓದಿದ್ದೆ. ದ್ಯಾವಮ್ಮನಿಗೆ ತೆಗೆಸಬಹುದು ಎಂದದ್ದು ಓದಿದ ಮೇಲೆಯೇ.

ಹೊನ್ನಪ್ಪ ಬಾಗಿಲಿಗೆ ಮರಳಿ ಬಂದ. ಈಗ ಕುಳ್ಳಯ್ಯ ಮೊದಲಿಗಿಂತ ಹೆಚ್ಚು ಹೆದರುತ್ತಾನೆ. ಮೂರು ನಿಮಿಷಕ್ಕೊಮ್ಮೆ ಹೊರಬಂದು ಅಂಗಳದಲ್ಲಿ ನಿಂತು ಉಸಿರಾಡುತ್ತಾನೆ. ಅವನು ಹೀಗೆ ಹೊರಬರುತ್ತಿರುವಷ್ಟು ಕಾಲ ಆ ಕೋಣೆ ಅವನನ್ನು ಕೊಲ್ಲಲಾರದು ಎಂದು ನನಗೆ ಗೊತ್ತು. ಮನೆಯಲ್ಲಿ ಉಣ್ಣುವುದೂ ಎಡಗೈಯಲ್ಲೇ ಆಗಿದೆ ಎಂದು ದ್ಯಾವಮ್ಮ ಗೇಟಿನಲ್ಲಿ ಯಾರಿಗೋ ಹೇಳುತ್ತಿದ್ದಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಎರಡು ಸಲ ನಿಜ ಹೇಳಿಬಿಡಬೇಕೆಂದು ಹೋದೆ. ಎರಡನೆಯ ಸಲ ಅವನು ಏಪ್ರನ್ ಕಟ್ಟಿಕೊಂಡು, ಒಳಹೋಗುವ ಮುಂಚೆ, ಹೊನ್ನಪ್ಪನ ಮುಂದೆ ಅಂಗೈ ಚಾಚಿ ನಿಂತಿದ್ದ.

"ಸೈಕಲ್ ಬೀಗದ ಕೈ ಕೊಡ್ಲಾ."

"ಯಾಕಣ್ಣೋ?"

"ನನ್ ಜೊತೇಲಿರ್ಲಿ. ನಾನ್ ಬರ್ದಿದ್ರೆ ನೀನೂ ಊರಿಗ್ ಓಗಂಗಿಲ್ಲ."

ಹೊನ್ನಪ್ಪ ಗೊಣಗುತ್ತಾ ಕೊಟ್ಟ. ಕುಳ್ಳಯ್ಯ ಅದನ್ನು ಎಡಗೈಯ ಮುಷ್ಟಿಯಲ್ಲಿ ಬಿಗಿಹಿಡಿದು, ನನ್ನ ಕಡೆ ನೋಡಿದ. "ಏನ್ರಪ್ಪ, ಏನಾರ ಏಳಾಕ್ ಬಂದ್ರಾ?"

"ಏನಿಲ್ಲ," ಎಂದೆ. "ಹೋಗಿ ಬನ್ನಿ."